ಬಿಡದ ನೆಗಡಿಗೆ ಹಲ್ಲು ಕಾರಣವೇ?

ತಿಂಗಳಾದರೂ ನೆಗಡಿ ಬಿಡ್ತಿಲ್ಲ ಅಂತ ಆವಿ ತಗೊಳ್ತಾನೇ ಇದ್ದೀರಾ? ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಕೀವು ಬರ್ತಿದ್ದರೆ ಮೇಲಿನ ದವಡೆಹಲ್ಲನ್ನೂ ತೋರಿಸಿ. ಆ ಹಲ್ಲಿನ ಬೇರಿಗೂ ಕೆನ್ನೆಯ ಸೈನಸ್‌ಗೂ ನಡುವೆ ಇರುವುದು ತೆಳು ಮೂಳೆ ಅಷ್ಟೇ. ಹುಳುಕು ಬೇರಿಗಿಳಿದರೆ ಸೋಂಕು ಮೇಲೇರುತ್ತೆ, ಹಲ್ಲು ನೋಯಲೇಬೇಕೆಂದಿಲ್ಲ.

ರೂಟ್ ಕೆನಾಲ್ ಮಾಡಿಸಿ ಅಥವಾ ಹಲ್ಲು ಕೀಳಿಸಿ ಔಷಧಿ ತಗೊಂಡರೆ ಕೆಲವರಿಗೆ ಸಾಕು. ಇಲ್ಲದಿದ್ದರೆ ಸಿ.ಟಿ. ಸ್ಕ್ಯಾನ್ ನೋಡಿ, ಮೂಗಿನೊಳಗಿಂದಲೇ ಎಂಡೋಸ್ಕೋಪ್ ಬಿಟ್ಟು ಸೈನಸ್ ದಾರಿ ಅಗಲಿಸಿ ಕೀವು ತೆಗೀತಾರೆ. ಮುಖದ ಮೇಲೆ ಗಾಯವಿರೋಲ್ಲ, ಹೆದರಬೇಡಿ. ಆದರೆ ಕೆಟ್ಟ ಹಲ್ಲನ್ನು ಹಾಗೇ ಬಿಟ್ಟರೆ ಕೀವು ಮತ್ತೆ ತುಂಬಬಹುದು.

ಹಲ್ಲು ಕೀಳಿಸಿದ ಮೇಲೆ ಕುಡಿದ ನೀರು ಮೂಗಲ್ಲಿ ಬಂತೇ? ಜೋರಾಗಿ ಮೂಗು ಸೀಟಬೇಡಿ, ವೈದ್ಯರಿಗೆ ಹೇಳಿ. ತೂತು ದೊಡ್ಡದಿದ್ದರೆ ಒಸಡು ಎಳೆದು ಹೊಲೀತಾರೆ.

ನಾಗಮಂಗಲ, ಕೆ.ಆರ್. ಪೇಟೆಯವರು ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಗೆ, ಶ್ರೀರಂಗಪಟ್ಟಣ, ಪಾಂಡವಪುರದವರು ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗಬಹುದು. ಕಣ್ಣು ಊದಿಕೊಂಡರೆ ಮಾತ್ರ ಅವತ್ತೇ ಹೊರಡಿ.