ಮರಳಿಸಬಲ್ಲವರು ಮರಳಿಸಲೇಬೇಕು

ನನ್ನ ಮೇಜಿನ ಮೇಲೆ ಆರು ದಿನಗಳಿಂದ ಒಂದು ಚಾಕು ಬಿದ್ದುಕೊಂಡಿದೆ. ಆರು ಇಂಚಿನ ಅಲಗು, ಎಮ್ಮೆಯ ಕೊಂಬಿನ ಹಿಡಿ, ಅಲಗಿನ ಮೇಲೆ ಹರಿಯುವ ನೀರಿನ ಅಲೆಗಳಂಥ ಚಿತ್ತಾರ. ನೋಡಲು ಸುಂದರವಾಗಿದೆ, ಹರಿತವೂ ಆಗಿದೆ. ಅಂತರ್ಜಾಲದ ಮಾರುಕಟ್ಟೆಯೊಂದರಲ್ಲಿ 8,500 ರೂಪಾಯಿ ತೆತ್ತು ಇದನ್ನು ತರಿಸಿಕೊಂಡೆ. ‘ಮೈಸೂರು ಸೀಮೆಯ ಅಪ್ಪಟ ಉಕ್ಕು, 150 ವರ್ಷ ಹಳೆಯದು’ ಎಂಬುದು ಮಾರಿದವರು ಕೊಟ್ಟಿದ್ದ ವಿವರ. ಲೋಹವಿಜ್ಞಾನ ಓದುತ್ತಿರುವ ತಂಗಿಯ ಮಗನಿಗೆ ಉಡುಗೊರೆಯಾಗಿ ಕೊಡಬೇಕೆಂಬುದು ನನ್ನ ಆಸೆಯಾಗಿತ್ತು. ವಸ್ತು ಹೇಳಿದಂತಿಲ್ಲ ಎಂಬುದು ಈಗ ಖಚಿತವಾಗಿದೆ. ಮರಳಿಸಲು ಇರುವ ಹತ್ತು ದಿನಗಳ ಅವಧಿಯಲ್ಲಿ ಇನ್ನು ನಾಲ್ಕು ದಿನ ಉಳಿದಿವೆ. ಮರಳಿಸಬೇಕೇ, ಇಟ್ಟುಕೊಳ್ಳಬೇಕೇ? ಮೇಲುನೋಟಕ್ಕೆ ಇದು ತೀರ ಖಾಸಗಿಯಾದ, ಕ್ಷುಲ್ಲಕವೂ ಆದ ಪ್ರಶ್ನೆ. ಯೋಚಿಸುತ್ತ ಹೋದಂತೆ ಹಾಗೆನಿಸಲಿಲ್ಲ.

ನಾನು ಆಯುಧಗಳ ಸಂಗ್ರಾಹಕನಲ್ಲ. ಆದರೆ ಉಕ್ಕಿನ ಬಗೆಗೆ ಕನ್ನಡಿಗರಿಗೆ ಅಭಿಮಾನ ಪಡಲು ಕಾರಣವಿದೆ. ಯುರೋಪಿನವರು ‘ವೂಟ್ಜ್’ ಎಂದು ಕರೆದ ಲೋಹದ ಹೆಸರು ನಮ್ಮ ‘ಉಕ್ಕು’ ಎಂಬ ಪದದಿಂದಲೇ ಹುಟ್ಟಿತೆಂಬುದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ ಮಾತು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಲೋಹದ ಮೇಲೆ ಪ್ರಬಂಧ ಮಂಡಿಸಿದರು. ಕೆಲ ವರ್ಷಗಳ ಅನಂತರ ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿಯೇ ಇದರ ಗುಟ್ಟು ಹುಡುಕಲು ತೊಡಗಿದರು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕುಲುಮೆಗಳನ್ನು ಕಂಡು ಬಣ್ಣಿಸಿದ್ದಾರೆ. ಕಬ್ಬಿಣದ ತುಂಡುಗಳನ್ನು ತಂಗಡಿ ಗಿಡದ ಕಡ್ಡಿ ಮತ್ತು ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಇದ್ದಿಲ ಬೆಂಕಿಯಲ್ಲಿ ತಿದಿಯೊತ್ತಿ ಕಾಯಿಸುವ ಕ್ರಮ ಅದು. ಕಬ್ಬಿಣವು ಶೇಕಡ 1ರಿಂದ 2ರಷ್ಟು ಇಂಗಾಲವನ್ನು ಹೀರಿಕೊಂಡು ಉಕ್ಕಾಗುತ್ತದೆ. ಆ ಉಕ್ಕನ್ನು ಹದವರಿತು ಬಡಿದಾಗ ಅಲಗಿನ ಮೇಲಿನ ಅಲೆಗಳು ಲೋಹದ ಒಡಲಿನಿಂದಲೇ ಮೂಡುತ್ತವೆ.

ಇಂದು ‘ಡಮಾಸ್ಕಸ್’ ಹೆಸರಿನಲ್ಲಿ ಮಾರಾಟವಾಗುವ ಚಾಕುಗಳಲ್ಲಿ ಹೆಚ್ಚಿನವು ಬೇರೆ ಜಾತಿಯವು. ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು, ಕಾಯಿಸಿ ಬಡಿದು ಬೆಸೆದು, ಮಡಚಿ ಮತ್ತೆ ಬಡಿದು, ಕೊನೆಗೆ ರಾಸಾಯನಿಕದಲ್ಲಿ ಅದ್ದಿ ಗೆರೆ ಎಬ್ಬಿಸುತ್ತಾರೆ. ಇದೂ ಶ್ರಮದ ವಿದ್ಯೆಯೇ. ಆದರೆ ಮೂಸೆಯ ಉಕ್ಕಲ್ಲ.

ನಿವೃತ್ತಿಯ ಬಳಿಕ ಅಣ್ಣಿಗೇರಿಯಲ್ಲಿ ನೆಲೆಸಿರುವ ನಾನು ಚಾಕನ್ನು ಊರಿನ ಹಿರಿಯ ಕಮ್ಮಾರರೊಬ್ಬರಿಗೆ ತೋರಿಸಿದೆ. ಅವರು ಅಲಗಿನ ಚಿತ್ತಾರ ನೋಡಲೇ ಇಲ್ಲ. ಚಾಕನ್ನು ತಿರುವಿ ಅದರ ಬೆನ್ನು ನೋಡಿದರು. ‘ಸಾಹೇಬರ, ಇಲ್ಲಿ ನೋಡ್ರಿ. ಪುಸ್ತಕದ ಹಾಳಿ ಒತ್ತಿಟ್ಟಂಗ ಐತಿ. ಎರಡು ಥರದ ಪಟ್ಟಿ ಬಡದು ಕೂಡಿಸ್ಯಾರ. ಚಾಕು ಚೊಲೊ ಐತಿ, ಆದರ ಹಳೇದಲ್ಲ’ ಎಂದರು. ಹಿಡಿ ಕೂಡುವಲ್ಲಿ ಇಣುಕುತ್ತಿದ್ದ ಹೊಸ ಅಂಟನ್ನೂ ಉಗುರಿನಿಂದ ತೋರಿಸಿದರು.

ಇಲ್ಲಿ ನ್ಯಾಯವಾಗಿ ನಡೆದುಕೊಳ್ಳಬೇಕು. ‘ಡಮಾಸ್ಕಸ್’ ಎಂದಷ್ಟೇ ಹೇಳಿ ಮಾರಿದ್ದರೆ ನನ್ನ ದೂರು ನಿಲ್ಲುತ್ತಿರಲಿಲ್ಲ. ಆ ಪದ ವ್ಯಾಪಾರದಲ್ಲಿ ಈ ಅರ್ಥಕ್ಕೇ ರೂಢಿಯಾಗಿದೆ. ಆದರೆ ಇವರು ಹೇಳಿದ್ದು ಉಕ್ಕು ಎಂದು, 150 ವರ್ಷ ಎಂದು. ಮೂಸೆಯ ಉಕ್ಕೇ ಆಗಿದ್ದರೂ ವಯಸ್ಸು ತಾನಾಗಿ ಸಿದ್ಧವಾಗುತ್ತಿರಲಿಲ್ಲ. 1990ರ ದಶಕದಲ್ಲಿ ಅಮೆರಿಕದ ಲೋಹವಿಜ್ಞಾನಿ ಜಾನ್ ವರ್ಹೋವೆನ್ ಹಾಗೂ ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಅಂಥ ಅಲಗುಗಳನ್ನು ಹೊಸದಾಗಿ ಮಾಡಿ ತೋರಿಸಿದ್ದಾರೆ. ಇನ್ನೊಂದು ವಿಚಿತ್ರವೂ ಇದೆ. ಚಾಕು ನಿಜವಾಗಿಯೂ ಅಷ್ಟು ಹಳೆಯದಾಗಿದ್ದರೆ, ನೂರು ವರ್ಷ ಮೀರಿದ ಪ್ರಾಚೀನ ವಸ್ತುಗಳ ವ್ಯಾಪಾರಕ್ಕೆ 1972ರ ಕಾಯ್ದೆಯಂತೆ ಪರವಾನಗಿ ಬೇಕಾಗುತ್ತಿತ್ತು. ಮಾತು ನಿಜವಾದರೆ ಪರವಾನಗಿಯ ಪ್ರಶ್ನೆ, ಸುಳ್ಳಾದರೆ ವಂಚನೆಯ ಪ್ರಶ್ನೆ!

ಮಾರಿದವರಿಗೆ ಬರೆದೆ. ಉತ್ತರ ವಿನಯದಿಂದಲೇ ಬಂತು. ‘ಚಾಕು ನಿಮ್ಮಲ್ಲೇ ಇರಲಿ, 4,000 ರೂಪಾಯಿ ಹಿಂದಿರುಗಿಸುತ್ತೇವೆ, ದಯವಿಟ್ಟು ಪ್ರತಿಕೂಲ ಅಭಿಪ್ರಾಯ ಬರೆಯಬೇಡಿ’ ಎಂದಿದ್ದರು. ಅರ್ಥಶಾಸ್ತ್ರ ಓದಿದವನ ಮನಸ್ಸು ಕೂಡಲೇ ಲೆಕ್ಕ ಹಾಕಿತು. ನಾಲ್ಕೂವರೆ ಸಾವಿರಕ್ಕೆ ಒಳ್ಳೆಯ ಚಾಕು ಸಿಕ್ಕಂತಾಯಿತು. ಮರಳಿ ಒಯ್ಯುವ ಸೇವೆ ನಮ್ಮ ಊರಿಗಿಲ್ಲ. ಹುಬ್ಬಳ್ಳಿಗೆ ಹೋಗಿ ಕಳಿಸಬೇಕು. ಮಾರಿದವರು ಸಣ್ಣ ವ್ಯಾಪಾರಿ. ಬಹುಶಃ ಸಗಟು ವ್ಯಾಪಾರಿಯಿಂದ ಅವರೂ ಮೋಸ ಹೋಗಿರಬಹುದು. ಇಷ್ಟೆಲ್ಲ ಸೇರಿ ‘ಹೋಗಲಿ ಬಿಡು’ ಎಂಬ ತೀರ್ಮಾನದ ಕಡೆಗೇ ತಕ್ಕಡಿ ವಾಲಿತು.

ಕಾನೂನು ನನ್ನ ಪರವಾಗಿದೆ ಎಂಬುದರಲ್ಲಿ ಸಂಶಯವಿಲ್ಲ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ವಿವರಣೆ ನೀಡಿ ಮಾರಿದ ಸರಕು ಆ ವಿವರಣೆಗೆ ಹೊಂದಲೇಬೇಕು. ಹೊಂದದಿದ್ದರೆ ಕೊಂಡವನು ನಿರಾಕರಿಸಬಹುದು. ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಸರಕನ್ನು ಹೊತ್ತು ಹಿಂದಕ್ಕೆ ಮುಟ್ಟಿಸುವ ಹೊಣೆಯೂ ಅವನದಲ್ಲ, ನಿರಾಕರಣೆಯನ್ನು ತಿಳಿಸಿದರೆ ಸಾಕು. ಆದರೆ ಸುಮ್ಮನೆ ದಿನ ದೂಡಿದರೆ, ಅಥವಾ ವಸ್ತುವನ್ನು ತನ್ನದೆಂಬಂತೆ ಬಳಸಿದರೆ, ಒಪ್ಪಿಕೊಂಡಂತೆ. ಈ ಕಾರಣಕ್ಕಾಗಿಯೇ ಅಲಗಿನ ಒಂದು ಮೂಲೆಯನ್ನು ಉಜ್ಜಿ ಪರೀಕ್ಷಿಸುವ ಆಸೆಯನ್ನು ನಾನು ತಡೆದುಕೊಂಡೆ. 2020ರ ಇ–ವಾಣಿಜ್ಯ ನಿಯಮಗಳಂತೂ ಜಾಹೀರಾತಿನಲ್ಲಿ ಹೇಳಿದ ಗುಣವಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿವೆ. ಮಾರುಕಟ್ಟೆ ನಡೆಸುವವರ ಕುಂದುಕೊರತೆ ಅಧಿಕಾರಿಯು 48 ಗಂಟೆಗಳೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಅನ್ವಯ ನಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನೆರವೂ ಉಂಟು.

ಹಕ್ಕು ಇದೆ ಎಂದಮಾತ್ರಕ್ಕೆ ಅದನ್ನು ಚಲಾಯಿಸಲೇಬೇಕೇ? ಇದಕ್ಕೆ ಉತ್ತರ ಹುಡುಕುವಾಗ ನೆನಪಾದದ್ದು ಅದೇ ಕಮ್ಮಾರರ ತಂದೆಯ ಕಾಲ. ನಮ್ಮ ಹಳ್ಳಿಗಳಲ್ಲಿ ಕಮ್ಮಾರ, ಬಡಿಗರಿಗೆ ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ‘ಆಯ’ ಸಲ್ಲುತ್ತಿತ್ತು. ಕುಡುಗೋಲಿನ ಬಾಯಿ ಮೊಂಡಾದರೆ ರೈತ ಮರುದಿನವೇ ಅದನ್ನು ಕುಲುಮೆಯ ಮುಂದೆ ಇಡುತ್ತಿದ್ದ. ಅದು ಜಗಳವಲ್ಲ, ಅವಮಾನವೂ ಅಲ್ಲ. ಮರಳಿಸುವುದು ಸಂಬಂಧದ ಒಂದು ಭಾಗವೇ ಆಗಿತ್ತು. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟು ಇತ್ತು, ಕುಶಲಕರ್ಮಿಗೆ ಅನ್ಯಾಯವೂ ಇತ್ತು; ಅದನ್ನು ವೈಭವೀಕರಿಸಲಾರೆ. ಆದರೆ ಮಾಡಿದವನ ಮುಖ ಕೊಂಡವನಿಗೆ ಕಾಣುತ್ತಿತ್ತು. ಇಂದು ಮುಖ ಕಾಣುವುದಿಲ್ಲ; ಪರದೆಯ ಮೇಲಿನ ಚಿತ್ರ ಮತ್ತು ನಾಲ್ಕು ಸಾಲಿನ ವಿವರಣೆಯಷ್ಟೇ ಕಾಣುತ್ತವೆ.

ಇಂಥ ಮಾರುಕಟ್ಟೆಯ ಗತಿಯೇನೆಂಬುದನ್ನು ಜಾರ್ಜ್ ಅಕರ್ಲಾಫ್ 1970ರಲ್ಲೇ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದರು. 2001ರ ಅರ್ಥಶಾಸ್ತ್ರ ನೊಬೆಲ್ ಪುರಸ್ಕಾರವನ್ನು ಅವರು ಇನ್ನಿಬ್ಬರೊಡನೆ ಹಂಚಿಕೊಂಡರು. ಮಾರುವವನಿಗೆ ಗುಣ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಎಂದಾದಾಗ, ಕೊಳ್ಳುವವನು ಎಲ್ಲದಕ್ಕೂ ಸಾಧಾರಣ ಬೆಲೆಯನ್ನೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಸರಕು ಗಿಟ್ಟದೆ ಮಾರುಕಟ್ಟೆಯಿಂದ ಹಿಂದೆ ಸರಿಯುತ್ತದೆ. ಅರ್ಧ ಹಣ ಪಡೆದು ಬಾಯಿ ಮುಚ್ಚಿಕೊಳ್ಳುವ ಗ್ರಾಹಕ ಈ ಪ್ರಕ್ರಿಯೆಗೆ ಎಣ್ಣೆ ಎರೆಯುತ್ತಾನೆ. ನನ್ನ ಮೌನದ ಬೆಲೆ 4,000 ರೂಪಾಯಿ. ಅದನ್ನು ತೆರುವವನು ಮುಂದಿನ ಗ್ರಾಹಕ. ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಯಂತ್ರದಲ್ಲಿ ನೇಯ್ದ ಹಾಸನ್ನು ಯಾರಾದರೂ ಅದೇ ಹೆಸರಿನಲ್ಲಿ ಮಾರಿದರೆ, ಕೊಂಡವರು ‘ಹೋಗಲಿ ಬಿಡು’ ಎಂದರೆ, ಮಗ್ಗದ ಮುಂದೆ ಕುಳಿತ ಹೆಣ್ಣುಮಗಳ ಗತಿಯೇನು? ಹೆಸರಿಗೆ ಕಾನೂನಿನ ಕಾವಲು ಎಷ್ಟಿದ್ದರೂ ಕೊಳ್ಳುವವರ ಕಾವಲು ಇಲ್ಲದಿದ್ದರೆ ಅದು ಉಳಿಯದು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬಿತ್ತನೆ ಬೀಜದ ಸಂಗತಿ. ಸೇವೆಯಲ್ಲಿದ್ದಾಗ ಕುಂದಗೋಳ, ಕಲಘಟಗಿ ಕಡೆಯ ರೈತರು ಮೊಳೆಯದ ಬೀಜದ ದೂರು ಹೊತ್ತು ಕಚೇರಿಗೆ ಬರುತ್ತಿದ್ದರು. ಚೀಲದ ಮೇಲೆ ಅಚ್ಚಾಗಿದ್ದದ್ದು ಒಂದು, ಹೊಲದಲ್ಲಿ ಕಂಡದ್ದು ಇನ್ನೊಂದು. ರಸೀದಿ ಇಲ್ಲ, ಖಾಲಿ ಚೀಲವನ್ನು ಯಾವಾಗಲೋ ಎಸೆದಾಗಿದೆ. ಮರಳಿಸೋಣವೆಂದರೆ ಬೀಜ ಮಣ್ಣಿನಲ್ಲಿದೆ, ಹದ ಮಳೆ ಹೋಗಿದೆ, ವರ್ಷವೂ ಹೋಗಿದೆ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು, ಪರೀಕ್ಷೆಗೆಂದು ಆತ ಒಂದಿಷ್ಟು ಬೀಜ ಎತ್ತಿಟ್ಟಿರಬೇಕೆಂದು ನಿರೀಕ್ಷಿಸಲಾಗದು ಎಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ 2012ರಲ್ಲಿ ಹೇಳಿತು. ದೊಡ್ಡ ತೀರ್ಪು ಅದು. ಆದರೂ ಪರಿಹಾರ ಸಿಕ್ಕೀತೇ ಹೊರತು ಕಳೆದ ಹಂಗಾಮು ಸಿಕ್ಕದು.

ನನ್ನ ಚಾಕು ಬೀಜವಲ್ಲ. ಅದು ಇಲ್ಲೇ ಮೇಜಿನ ಮೇಲಿದೆ, ರಸೀದಿ ಇದೆ, ಮೂಲ ವಿವರಣೆಯ ಪ್ರತಿ ಇದೆ, ಪತ್ರ ಬರೆಯಲು ಬರುತ್ತದೆ, ಹುಬ್ಬಳ್ಳಿಗೆ ಬಸ್ಸಿದೆ. ಪಿಂಚಣಿಯೂ ಬಿಡುವೂ ಇರುವ ನನ್ನಂಥವನೇ ಬೇಸರಪಟ್ಟು ಬಿಟ್ಟುಕೊಟ್ಟರೆ, ಬಿತ್ತಿದವನು ಏನು ಮಾಡಬೇಕು? ಹಕ್ಕುಗಳು ಬಳಕೆಯಿಂದ ಹರಿತವಾಗುತ್ತವೆ, ಬಳಸದಿದ್ದರೆ ತುಕ್ಕು ಹಿಡಿಯುತ್ತವೆ. ಸುಲಭವಾಗಿ ಮರಳಿಸಬಲ್ಲವರು ಮರಳಿಸುತ್ತಲೇ ಇದ್ದರೆ ಮಾತ್ರ, ಮರಳಿಸಲಾಗದವರಿಗೆ ಮಾರುವಾಗಲೂ ವ್ಯಾಪಾರಿ ಒಂದು ಕ್ಷಣ ಯೋಚಿಸಿಯಾನು.

ಆದ್ದರಿಂದ 4,000 ರೂಪಾಯಿಯ ಕೊಡುಗೆಯನ್ನು ಒಪ್ಪಿಲ್ಲ. ಪೂರ್ತಿ ಹಣ ಹಿಂದಿರುಗಿಸಬೇಕೆಂದೂ ವಿವರಣೆ ತಿದ್ದಬೇಕೆಂದೂ ಲಿಖಿತವಾಗಿ ತಿಳಿಸಿದ್ದೇನೆ. ನಾಳೆ ಚಾಕು ಹುಬ್ಬಳ್ಳಿಗೆ ಹೋಗುತ್ತದೆ. ಅಭಿಪ್ರಾಯವನ್ನೂ ಬರೆಯುವವನಿದ್ದೇನೆ: ಬೈಗುಳವಿಲ್ಲದೆ, ಕಂಡದ್ದನ್ನಷ್ಟೇ. ಚಾಕು ಚೆನ್ನಾಗಿದೆ ಎಂಬುದನ್ನೂ ಸೇರಿಸುತ್ತೇನೆ, ಅದೂ ನಿಜವಾದ್ದರಿಂದ.

ತಂಗಿಯ ಮಗನಿಗೆ ಬೇರೆ ಉಡುಗೊರೆ ಹುಡುಕಿದ್ದೇನೆ. ಶಾರದಾ ಶ್ರೀನಿವಾಸನ್ ಹಾಗೂ ಎಸ್. ರಂಗನಾಥನ್ ಉಕ್ಕಿನ ಬಗ್ಗೆ 2004ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪುಸ್ತಕವೊಂದಿದೆ. ಅದರ ಜೊತೆಗೆ ನಮ್ಮೂರಿನ ಕಮ್ಮಾರರು ಮಾಡಿಕೊಡುವ ಒಂದು ಸಾದಾ ಚಾಕು. ಚಿತ್ತಾರವಿಲ್ಲ, ಚರಿತ್ರೆಯೂ ಇಲ್ಲ. ಯಾರು, ಎಲ್ಲಿ, ಎಂದು ಮಾಡಿದರೆಂದು ಅವನು ಕೇಳಿದರೆ ಹೇಳಬಲ್ಲೆ. ಮೊಂಡಾದರೆ ಎಲ್ಲಿಗೆ ತರಬೇಕೆಂಬುದೂ ಅವನಿಗೆ ತಿಳಿದಿರುತ್ತದೆ.