ಇಸ್ತ್ರಿಪೆಟ್ಟಿಗೆಯಲ್ಲಿ ಅಚ್ಚಾಗುವ ಬೋರ್ಡು

ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಗೆ ಮುಖ ಮಾಡಿದ ಒಂದು ರಿಪೇರಿ ಅಂಗಡಿ. ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ, ಪಕ್ಕದಲ್ಲಿ ಹಳೇ ಸಿನಿಮಾ ಪತ್ರಿಕೆಗಳ ರಾಶಿ. ಇಸ್ತ್ರಿ ಮಾಡಲು ಬಟ್ಟೆ ಮಾತ್ರ ಒಂದೂ ಇಲ್ಲ. ಅಂಗಡಿಯವರು ತಮ್ಮ ಹೆಸರು ಬರೆಯುವುದು ಬೇಡ ಎಂದರು. ಊರಿನವರು ಕರೆಯುವಂತೆ ನಾನೂ ಮೇಷ್ಟ್ರು ಎನ್ನುತ್ತೇನೆ. ಪಾಠ ಹೇಳಿದವರೇನೂ ಅಲ್ಲ.

ಕಾಡಂಚಿನ ರೈತರು ಸೋಲಾರ್ ಬೇಲಿಯ ಪೆಟ್ಟಿಗೆ ಹೊತ್ತು ಇಲ್ಲಿಗೆ ಬರುತ್ತಾರೆ. 12 ವೋಲ್ಟಿನ ಬ್ಯಾಟರಿಯಿಂದ ಸೆಕೆಂಡಿಗೊಮ್ಮೆ ತಂತಿಗೆ ಸಾವಿರಾರು ವೋಲ್ಟಿನ, ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರದ ಏಟು ಕೊಡುವ ಪೆಟ್ಟಿಗೆ ಅದು. ಆನೆ ಬೆದರಬೇಕು, ಸಾಯಬಾರದು. ಒಳಗೆ ಇರುವೆ ಗೂಡು ಕಟ್ಟುತ್ತದೆ, ಹಲ್ಲಿ ನುಗ್ಗುತ್ತದೆ, ಸಿಡಿಲು ಬಡಿಯುತ್ತದೆ, ಸರ್ಕ್ಯೂಟ್ ಬೋರ್ಡು ಕರಕಲು. "ಹೊಸದು ಕೊರಿಯರ್‌ನಲ್ಲಿ ಬರೋಗಂಟ ಆನ ಕಾಯ್ತದಾ ಸಾ?" ಎಂದರು ಮೇಷ್ಟ್ರು. ಹಾಗಾಗಿ ಸೆಕೆಂಡು ಎಣಿಸುವ 555 ಐಸಿಯ ಭಾಗವನ್ನಾದರೂ ಅವರೇ ಮಾಡಿಕೊಡುತ್ತಾರೆ. ಹೈವೋಲ್ಟೇಜಿನ ಭಾಗವನ್ನು ಕೈಯಾರೆ ಮಾಡಿದ ಬೋರ್ಡಿಗೆ ತರುವುದಿಲ್ಲ.

ಮೊದಲು ಕಂಪ್ಯೂಟರಿನಲ್ಲಿ ಬರೆದ ಸರ್ಕ್ಯೂಟಿನ ಗೆರೆಗಳನ್ನು ಪತ್ರಿಕೆಯ ನಯವಾದ ಪುಟದ ಮೇಲೆ ಲೇಸರ್ ಪ್ರಿಂಟ್ ಹಾಕಿಸಬೇಕು. ಜೆರಾಕ್ಸ್ ಅಂಗಡಿಯವನು ಪ್ರತಿಸಲ ಗೊಣಗುತ್ತಾನಂತೆ. ಇಂಕ್‌ಜೆಟ್ ಆಗುವುದಿಲ್ಲ, ಟೋನರ್ ಎಂದರೆ ಪ್ಲಾಸ್ಟಿಕ್ಕಿನ ಪುಡಿ, ಕಾವಿಗೆ ಕರಗಿ ಅಂಟುತ್ತದೆ, ತಣ್ಣಗಾದರೆ ಗಟ್ಟಿ. ನಾನು ಹೋದ ದಿನ ಕೈಗೆ ಸಿಕ್ಕಿದ್ದು ಒಬ್ಬ ನಟಿಯ ಮುಖವಿದ್ದ ಪುಟ. ಅವಳ ಹಣೆಯಿಂದ ಕೆನ್ನೆಗೆ ಕಪ್ಪು ಗೆರೆಗಳು ಇಳಿದಿದ್ದವು.

ತಾಮ್ರದ ತಗಡು ಹೊದಿಸಿದ ಹಲಗೆಯನ್ನು ಪಾತ್ರೆ ತಿಕ್ಕುವ ಸ್ಕ್ರಬ್ಬರಿನಲ್ಲಿ ಉಜ್ಜಿದರು. ಬೆರಳಿನ ಜಿಡ್ಡು ತಾಗಿದರೂ ಟೋನರ್ ಹಿಡಿಯದು, ಅಂಚು ಹಿಡಿದೇ ಎತ್ತಬೇಕು. ನಟಿಯನ್ನು ಬೋರಲು ಮಲಗಿಸಿ ಇಸ್ತ್ರಿಪೆಟ್ಟಿಗೆ ಒತ್ತಿದರು. ಮೂರು ನಾಲ್ಕು ನಿಮಿಷ, ಮೂಲೆಗಳಿಗೆ ತುದಿಯಿಂದ ವಿಶೇಷ ಉಪಚಾರ. ಆಮೇಲೆ ನೀರಿನ ಬೋಗುಣಿ. ನಯ ಕಾಗದಕ್ಕೆ ಬಳಿದಿರುವ ಜೇಡಿಯಂಥ ಲೇಪ ನೀರಿಗೆ ನೆನೆದು ಸಡಿಲಾಗುತ್ತದೆ. "ಅವಸರಕ್ಕೆ ಕಿತ್ರ ಎಲ್ಲಾ ಹಾಳಾಯ್ತದ" ಎನ್ನುತ್ತ ಹೆಬ್ಬೆರಳಿನಿಂದ ಹಿಟ್ಟು ಉಜ್ಜಿದಂತೆ ಉಜ್ಜಿದರು. ನಟಿ ಚೂರುಚೂರಾಗಿ ಬೋಗುಣಿ ಸೇರಿದಳು. ತಾಮ್ರದ ಮೇಲೆ ಗೆರೆಗಳಷ್ಟೇ ಉಳಿದವು. ಒಂದು ಕಡೆ ತುಂಡಾಗಿತ್ತು, ಅದಕ್ಕೆ ಸಿಡಿ ಮಾರ್ಕರ್.

ಫೆರಿಕ್ ಕ್ಲೋರೈಡಿನಲ್ಲಿ ಅದ್ದಿದಾಗ ಬಯಲಾದ ತಾಮ್ರ ಕರಗಿ ಗೆರೆಯಡಿಯದು ಉಳಿಯುತ್ತದೆ. ತುಕ್ಕಿನ ಬಣ್ಣದ ಆ ದ್ರಾವಣ ಶರ್ಟಿಗೆ ಬಿದ್ದರೆ ಶರ್ಟಿನ ಕಥೆ ಮುಗಿಯಿತು. ತಾಮ್ರ ತಿಂದ ದ್ರಾವಣವನ್ನು ಮೇಷ್ಟ್ರು ಚರಂಡಿಗೆ ಚೆಲ್ಲುವುದಿಲ್ಲ, ಕ್ಯಾನುಗಳಲ್ಲಿ ತುಂಬಿಟ್ಟಿದ್ದಾರೆ. ಕೊನೆಗೆ ಟೋನರನ್ನು ತಿನ್ನರ್‌ನಲ್ಲಿ ಒರೆಸಿ, ಸಣ್ಣ ಡ್ರಿಲ್ಲಿನಲ್ಲಿ ತೂತು. ಒಮ್ಮೆ ಚಿತ್ರ ತಿರುಗುಮುರುಗಾಗಿ ಐಸಿಯನ್ನು ತಾಮ್ರದ ಕಡೆಯಿಂದಲೇ ಕೂರಿಸಿದ ಬೋರ್ಡು ಈಗಲೂ ಮೊಳೆಗೆ ತೂಗುತ್ತಿದೆ.

ಇಂಥ ಬೋರ್ಡಿನ ಇತಿಹಾಸ ಕೇಳಿದರೆ ಮೇಷ್ಟ್ರು ಎರಡೇ ಮಾತಿನಲ್ಲಿ ಮುಗಿಸಿದರು. 1936ರಲ್ಲಿ ವಿಯೆನ್ನಾ ಬಿಟ್ಟು ಲಂಡನ್ನಿಗೆ ಬಂದ ಪಾಲ್ ಐಸ್ಲರ್, ತಂತಿಗಳ ಗೋಜಲಿನ ಬದಲು ತಾಮ್ರದ ಗೆರೆಗಳಿಂದಲೇ ರೇಡಿಯೊ ಮಾಡಿದ. ಆಮೇಲಿನದೆಲ್ಲ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಬೆಂಗಳೂರಿನ ಎಸ್.ಪಿ. ರಸ್ತೆ.

ಚಾಮರಾಜನಗರದಿಂದ ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್ ಹೊತ್ತಿಗೆ ಬಂದು ಕೂರುತ್ತಿದ್ದರಂತೆ. ಈಗ ಫೈಲ್ ಕಳಿಸಿದರೆ ಚೀನಾದಿಂದ ಹಸಿರು ಬೋರ್ಡು ಬರುತ್ತದೆ, ಅಗ್ಗ, ಅಚ್ಚುಕಟ್ಟು. ತಪ್ಪೇನಿಲ್ಲ. ಆದರೆ ಇರುವೆ ಹೊಕ್ಕ ಬೋರ್ಡನ್ನು ನೋಡಿ, ಮುಂದಿನ ಸಲ ಗೆರೆಗಳನ್ನು ದೂರದೂರ ಎಳೆಯುವವರು ಇಲ್ಲೊಬ್ಬರಿದ್ದಾರೆ.

ರಾತ್ರಿ 9ಕ್ಕೆ ಬಂಡೀಪುರ ಕಾಡಿನ ಗೇಟು ಬಿದ್ದು ವಾಹನ ನಿಂತ ಮೇಲೆ ರಸ್ತೆ ಸುಮ್ಮನಾಯಿತು. ಹೊರಡುವಾಗ ಮೇಷ್ಟ್ರು ಕೇಳಿದರು: "ನಿಮ್ ಪುರವಣಿ ನಯ ಕಾಗದದಲ್ಲಿ ಬತ್ತದಾ?"

ಇಲ್ಲ, ಮಾಮೂಲಿ ನ್ಯೂಸ್‌ಪ್ರಿಂಟ್ ಎಂದೆ.

"ಹಂಗಾರ ಅಂಟ್ಕತದ, ಬುಡಲ್ಲ" ಎಂದು ರಾಶಿಯನ್ನು ಬೆರಳಲ್ಲಿ ಎಣಿಸತೊಡಗಿದರು. ಹನ್ನೊಂದು ಪತ್ರಿಕೆ ಉಳಿದಿದ್ದವು.