ಕಟ್ಟಡನಿಯಮಗಳಲ್ಲಿ ವಿಧಿಯೂ ಅಧಿಕಾರವೂ

ಕಾರ್ಖಾನೆ, ಕಛೇರಿ, ಪಾಠಶಾಲೆ, ಆಸ್ಪತ್ರೆ, ದೇವಾಲಯ ಮೊದಲಾದ ಕಟ್ಟಡಗಳು ಶುಚಿಯಾಗಿಯೂ ಅಪಾಯರಹಿತವಾಗಿಯೂ ಸರ್ವರ ಪ್ರವೇಶಕ್ಕೆ ಯೋಗ್ಯವಾಗಿಯೂ ಇರಬೇಕೆಂದು ಹೇಳುವ ಶಾಸನಗಳು ವಕೀಲರಿಗೂ ಶಿಲ್ಪಿಗಳಿಗೂ ಸಂಬಂಧಿಸಿದುವೆಂದು ಸಾಮಾನ್ಯವಾದ ಅಭಿಪ್ರಾಯವಿರುತ್ತದೆ. ಆದರೆ ಶಾಸನವು ಮೊದಲು ವಾಕ್ಯ. ಅದರ ಬಲಾಬಲಗಳು ವಾಕ್ಯಾರ್ಥನಿರ್ಣಯವನ್ನು ಅವಲಂಬಿಸಿರುವುವು. ಈ ನಿರ್ಣಯಕ್ಕಾಗಿಯೇ ಭರತಖಂಡದಲ್ಲಿ ಬೆಳೆದ ಶಾಸ್ತ್ರವು ಪೂರ್ವಮೀಮಾಂಸೆ. ಅದರ ನ್ಯಾಯಗಳು ಹಿಂದೂ ಧರ್ಮಶಾಸ್ತ್ರದ ವ್ಯವಹಾರನಿರ್ಣಯಕ್ಕೆ ಹೇಗೆ ಉಪಯುಕ್ತವಾಗುವುವೆಂಬುದನ್ನು ಕಿಶೋರಿಲಾಲ ಸರ್ಕಾರರು ೧೯೦೫ನೆಯ ವರ್ಷದ ಟಾಗೋರ್ ನ್ಯಾಯೋಪನ್ಯಾಸಗಳಲ್ಲಿ ವಿಸ್ತರಿಸಿರುವರು. ಅದೇ ಮಾರ್ಗವನ್ನು ಅನುಸರಿಸಿದರೆ, ಕಟ್ಟಡನಿಯಮಗಳಲ್ಲಿ ಯಾವುದು ನಿಜವಾಗಿ ವಿಧಿ, ಯಾವುದು ಹೆಸರಿಗೆ ಮಾತ್ರ ವಿಧಿ ಎಂಬುದು ಸ್ಪಷ್ಟವಾಗುವುದು. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಎಂಬ ನೆರೆಹೊರೆಯ ನಾಲ್ಕು ಸ್ಥಳಗಳಿಂದ ದೃಷ್ಟಾಂತಗಳನ್ನು ತೆಗೆದುಕೊಂಡು ಈ ವಿಚಾರವನ್ನು ಇಲ್ಲಿ ನಿರೂಪಿಸಲಾಗುವುದು.

೧. ವಿಧಿಯ ನಾಲ್ಕು ಬಗೆ

ಮೀಮಾಂಸಕರು ವಿಧಿಯನ್ನು ನಾಲ್ಕಾಗಿ ವಿಭಾಗಿಸುವರು. ಕರ್ಮವು ಇಂಥದೆಂದು ತಿಳಿಸುವುದು ಉತ್ಪತ್ತಿವಿಧಿ. ಪ್ರಧಾನಕ್ಕೂ ಅಂಗಕ್ಕೂ ಇರುವ ಸಂಬಂಧವನ್ನು ತಿಳಿಸುವುದು ವಿನಿಯೋಗವಿಧಿ. ಫಲಕ್ಕೆ ಸ್ವಾಮಿ ಯಾರೆಂದು ತಿಳಿಸುವುದು ಅಧಿಕಾರವಿಧಿ. ವಿಳಂಬವಿಲ್ಲದೆ ನಡೆಸಬೇಕೆಂದು ತಿಳಿಸುವುದು ಪ್ರಯೋಗವಿಧಿ. ಸಾರ್ವಜನಿಕ ಕಟ್ಟಡವು ಸುಗಮವಾಗಿರತಕ್ಕದ್ದು ಎಂಬ ವಾಕ್ಯವು ಮೊದಲನೆಯದಕ್ಕೆ ಸೇರುವುದು. ಮೆಟ್ಟಿಲಿನ ಪಕ್ಕದ ಇಳಿಜಾರು ದಾರಿಯು ಒಂದು ಅಡಿ ಏರುವುದಕ್ಕೆ ಕನಿಷ್ಠಪಕ್ಷ ಹನ್ನೆರಡು ಅಡಿ ಉದ್ದವಾಗಿರಬೇಕೆಂಬುದು ಅಂಗವಾಕ್ಯ. ಮಳೆ ವಿಶೇಷವಾದ ಕರಾವಳಿಯಲ್ಲಿ ಜಗಲಿಯನ್ನು ಎತ್ತರಿಸಿ ಕಟ್ಟುವುದು ರೂಢಿಯಾದ್ದರಿಂದ ಈ ಅಂಗಕ್ಕೆ ಇಲ್ಲಿ ಹೆಚ್ಚಿನ ಮಹತ್ವವುಂಟು. ಎರಡಡಿ ಎತ್ತರದ ಜಗಲಿಗೆ ಇಪ್ಪತ್ತನಾಲ್ಕು ಅಡಿಯ ದಾರಿ ಬೇಕು. ಎಂಟಡಿಯಲ್ಲಿ ಮುಗಿಸಿದರೆ ಅದು ಗಾಲಿಕುರ್ಚಿಯವನಿಗೆ ದಾರಿಯಾಗದೆ ಅಪಾಯವಾಗುವುದು.

ಕನ್ನಡದ ಶಾಸನಭಾಷೆಯಲ್ಲಿ ವಿಧಿಯನ್ನು ಸೂಚಿಸುವ ರೂಪವು ‘ತಕ್ಕದ್ದು’ ಎಂಬುದು. ‘ಬಹುದು’ ಎಂಬುದು ಐಚ್ಛಿಕ. ಸಂಸ್ಕೃತದಲ್ಲಿ ಲಿಙ್ ಪ್ರತ್ಯಯವು ಮಾಡುವ ಕಾರ್ಯವನ್ನು ಇಲ್ಲಿ ಈ ಒಂದು ಪದವು ಮಾಡುವುದು.

೨. ಕಾರ್ಖಾನೆಯ ವಿಧಿಗಳು

ಬಾಸೆಲ್ ಮಿಷನ್ನಿನವರು ೧೮೮೬ರಲ್ಲಿ ಉಡುಪಿಗೆ ಸಮೀಪದ ಮಲ್ಪೆಯಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಆಮೇಲೆ ಕಾರ್ಕಳ ಮೊದಲಾದ ಕಡೆಗಳಲ್ಲಿ ಗೇರುಬೀಜದ ಕಾರ್ಖಾನೆಗಳು ಬೆಳೆದುವು. ಈ ಉದ್ಯಮದಲ್ಲಿ ದುಡಿಯುವವರು ಬಹುಮಟ್ಟಿಗೆ ಸ್ತ್ರೀಯರು. ಬೀಜದ ಸಿಪ್ಪೆಯ ಎಣ್ಣೆಯು ಚರ್ಮವನ್ನು ಸುಡತಕ್ಕದ್ದಾದ್ದರಿಂದ ಕೈತೊಳೆಯುವ ಸೌಕರ್ಯವೆಂಬುದು ಇಲ್ಲಿ ಅಲಂಕಾರವಲ್ಲ.

೧೯೪೮ರ ಕಾರ್ಖಾನೆಗಳ ಅಧಿನಿಯಮವು ಇಂಥ ವಿಷಯಗಳನ್ನು ಸಂಖ್ಯೆಗಳಿಂದ ನಿಷ್ಕೃಷ್ಟಗೊಳಿಸಿತ್ತು. ಕುಡಿಯುವ ನೀರಿನ ಸ್ಥಳಕ್ಕೆ, ಕೆಲಸಗಾರರಲ್ಲಿ ಬಹುಮಂದಿಗೆ ತಿಳಿಯುವ ಭಾಷೆಯಲ್ಲಿ ಹೆಸರು ಬರೆದಿರಬೇಕು. ಮುಖ್ಯ ಪರೀಕ್ಷಕರ ಲಿಖಿತ ಅನುಮತಿಯಿಲ್ಲದೆ ಆ ಸ್ಥಳವು ಶೌಚಾಲಯಕ್ಕೆ ಆರು ಮೀಟರುಗಳಿಗಿಂತ ಹತ್ತಿರವಿರಕೂಡದು. ಪ್ರತಿ ೧೫೦ ಮಂದಿಗೆ ಒಂದಕ್ಕೆ ಕಡಮೆಯಿಲ್ಲದಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳಿರಬೇಕು. ಮೂವತ್ತಕ್ಕಿಂತ ಹೆಚ್ಚು ಸ್ತ್ರೀಯರಿದ್ದಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗಾಗಿ ಕೊಠಡಿಯಿರಬೇಕು.

ಈ ಅಧಿನಿಯಮವು ೨೦೨೫ನೆಯ ನವೆಂಬರ್ ೨೧ರಂದು ಜಾರಿಗೆ ಬಂದ, ಕೆಲಸದ ಸ್ಥಳಗಳ ಸುರಕ್ಷೆ ಮತ್ತು ಆರೋಗ್ಯವನ್ನು ಕುರಿತ ೨೦೨೦ರ ಸಂಹಿತೆಯಲ್ಲಿ ಅಡಕವಾಯಿತು. ಮಕ್ಕಳ ಕೊಠಡಿಗೆ ಸಂಹಿತೆಯು ಹೇಳುವ ನಿಮಿತ್ತವು ಬೇರೆ: ಸ್ತ್ರೀಪುರುಷ ಭೇದವಿಲ್ಲದೆ ಐವತ್ತಕ್ಕಿಂತ ಹೆಚ್ಚು ಮಂದಿ ಕೆಲಸಗಾರರಿರಬೇಕು. ತಂದೆಗೂ ಅಧಿಕಾರವುಂಟಾದದ್ದು ಇದರ ಗುಣ. ಆದರೆ ನಲವತ್ತು ಮಂದಿ ಸ್ತ್ರೀಯರೇ ದುಡಿಯುವ ಒಂದು ಗೇರುಬೀಜದ ಕಾರ್ಖಾನೆಯನ್ನು ಕಲ್ಪಿಸಿಕೊಂಡರೆ, ಹಿಂದಿನ ವಾಕ್ಯದಂತೆ ಅಲ್ಲಿ ಕೊಠಡಿಯು ಕಡ್ಡಾಯ. ಈಗಿನ ವಾಕ್ಯದಂತೆ ಕಡ್ಡಾಯವಲ್ಲ. ಅಧಿಕಾರಿಯನ್ನು ನಿರ್ದೇಶಿಸುವ ಪದವು ಬದಲಾದೊಡನೆ ಫಲವು ಯಾರಿಂದ ಯಾರಿಗೆ ಸರಿಯುವುದೆಂಬುದಕ್ಕೆ ಇದು ನಿದರ್ಶನ.

೩. ಅಂಗಹೀನನ ಅಧಿಕಾರ

ಅಧಿಕಾರವಿಚಾರಕ್ಕೆ ಜೈಮಿನಿಯ ಆರನೆಯ ಅಧ್ಯಾಯವು ಮೀಸಲು. ಅಂಗವೈಕಲ್ಯವುಳ್ಳವನಿಗೆ ಯಜ್ಞದಲ್ಲಿ ಅಧಿಕಾರವುಂಟೇ ಎಂಬ ಪ್ರಶ್ನೆಯು ಅಲ್ಲಿ ಬರುವುದು. ಯಜಮಾನನು ಆಜ್ಯವನ್ನು ನೋಡಬೇಕು, ಕುರುಡನು ಹೇಗೆ ನೋಡಿಯಾನು? ವಿಷ್ಣುಕ್ರಮದ ಹೆಜ್ಜೆಗಳನ್ನು ಇಡಬೇಕು, ಕುಂಟನು ಹೇಗೆ ಇಟ್ಟಾನು? ಚಿಕಿತ್ಸೆಯಿಂದ ವೈಕಲ್ಯವು ನೀಗುವಂತಿದ್ದರೆ ಅಧಿಕಾರವುಂಟೆಂದೂ, ನೀಗದಿದ್ದರೆ ಇಲ್ಲವೆಂದೂ ಅಲ್ಲಿಯ ಸಿದ್ಧಾಂತ. ಸಾಮರ್ಥ್ಯವು ಅಧಿಕಾರಕ್ಕೆ ಹೇತುವೆಂಬುದೇ ಇದಕ್ಕೆ ಆಧಾರ.

೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಇದೇ ಪ್ರಶ್ನೆಯನ್ನು ವಿಪರ್ಯಯಗೊಳಿಸಿತು. ಅದರ ಲಕ್ಷಣವಾಕ್ಯದಂತೆ, ದೀರ್ಘಕಾಲದ ನ್ಯೂನತೆಯೊಡನೆ ಹೊರಗಿನ ತಡೆಗಳು ಕೂಡಿದಾಗಲೇ ಸಮಾಜದಲ್ಲಿ ಸಮಾನವಾಗಿ ಭಾಗವಹಿಸುವುದಕ್ಕೆ ಅಡ್ಡಿಯುಂಟಾಗುವುದು. ಯಜ್ಞದಲ್ಲಿ ಕರ್ಮವು ಸ್ಥಿರ, ಪರೀಕ್ಷೆಯು ಮನುಷ್ಯನಿಗೆ. ಇಲ್ಲಿ ಮನುಷ್ಯನು ಸ್ಥಿರ, ಪರೀಕ್ಷೆಯು ಕಟ್ಟಡಕ್ಕೆ. ಜಿಲ್ಲೆಯ ಮುಖ್ಯ ಕಛೇರಿಗಳಿರುವ ಮಣಿಪಾಲಕ್ಕೆ ಕಾಪುವಿನಿಂದಲೋ ಕಾರ್ಕಳದಿಂದಲೋ ಅರ್ಜಿ ಹಿಡಿದು ಬರುವ ಅಂಗವಿಕಲನು ಬಾಗಿಲಲ್ಲೇ ಉಳಿದರೆ, ಸಾಮರ್ಥ್ಯವಿಲ್ಲದ್ದು ಅವನಿಗಲ್ಲ, ಬಾಗಿಲಿಗೆ. ೧೯೯೫ರ ಅಧಿನಿಯಮವು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗಣಿಸಿದ್ದರೆ, ಇದು ಇಪ್ಪತ್ತೊಂದನ್ನು ಗಣಿಸಿತು. ಸಾರ್ವಜನಿಕ ಕಟ್ಟಡವೆಂಬ ಪದದಲ್ಲಿ ಸರ್ಕಾರದ್ದಷ್ಟೇ ಅಲ್ಲದೆ ಜನಸಾಮಾನ್ಯರು ಉಪಯೋಗಿಸುವ ಖಾಸಗಿ ಕಟ್ಟಡಗಳನ್ನೂ, ವಿದ್ಯಾಲಯ, ಆಸ್ಪತ್ರೆ, ಧಾರ್ಮಿಕ ಸ್ಥಳಗಳನ್ನೂ ಸೇರಿಸಿತು. ಆದಕಾರಣ ಉಡುಪಿಯ ರಥಬೀದಿಯೂ ಮಣಿಪಾಲದ ಆಸ್ಪತ್ರೆಯೂ ಈ ವಿಚಾರದ ಹೊರಗಿಲ್ಲ.

೪. ನಿಯಮವೆಂಬ ಹೆಸರುಳ್ಳ ಅನಿಯಮ

ಈ ಅಧಿನಿಯಮದಲ್ಲಿ ಪ್ರಯೋಗವಿಧಿಯೂ ಉಂಟು. ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಇದ್ದ ಸಾರ್ವಜನಿಕ ಕಟ್ಟಡಗಳೆಲ್ಲವೂ ಸುಗಮವಾಗತಕ್ಕದ್ದು. ನಿಯಮಗಳು ೨೦೧೭ನೆಯ ಜೂನ್ ತಿಂಗಳಲ್ಲಿ ಪ್ರಕಟವಾದುವು. ಅವಧಿಯು ೨೦೨೨ರ ಜೂನ್ ತಿಂಗಳಿಗೆ ತೀರಿತು. ಮೀರಿದವರಿಗೆ ಮೊದಲ ತಪ್ಪಿಗೆ ಹತ್ತು ಸಾವಿರ ರೂಪಾಯಿಗಳ ವರೆಗೂ, ಮತ್ತೆ ಮಾಡಿದರೆ ಐವತ್ತು ಸಾವಿರದಿಂದ ಐದು ಲಕ್ಷದ ವರೆಗೂ ದಂಡವುಂಟು.

ಹೀಗಿದ್ದರೂ ೨೦೧೭ರ ನಿಯಮಗಳಲ್ಲಿ ಹದಿನೈದನೆಯದು ತಾನಾಗಿ ಕಡ್ಡಾಯವಾದ ಅಳತೆಗಳನ್ನು ವಿಧಿಸದೆ, ಬೇರೆ ಮಾರ್ಗಸೂಚಿಗಳ ಕಡೆಗೆ ಬೆರಳು ತೋರಿಸಿತು. ಆ ಮಾರ್ಗಸೂಚಿಗಳ ಭಾಷೆಯಾದರೋ ಶಿಫಾರಸಿನದು. ಅರ್ಥವಾದವು ವಿಧಿಯೊಡನೆ ಏಕವಾಕ್ಯತೆಯನ್ನು ಹೊಂದಿದಾಗ ಪ್ರಮಾಣವಾಗುವುದು. ವಿಧಿಯಿಲ್ಲದೆ ನಿಂತ ಪ್ರಶಂಸೆಯು ಯಾರನ್ನೂ ಪ್ರವರ್ತಿಸಲಾರದು. ದೃಷ್ಟಿಹೀನರಾದ ರಾಜೀವ ರತೂರಿ ಎಂಬವರು ೨೦೦೫ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೨೪ನೆಯ ನವೆಂಬರ್ ೮ರಂದು ಇದೇ ದೋಷವನ್ನು ಎತ್ತಿ ತೋರಿಸಿತು. ಮೂಲ ಅಧಿನಿಯಮವು ಕಡ್ಡಾಯವನ್ನು ಬಯಸುತ್ತಿರಲು ನಿಯಮವು ಐಚ್ಛಿಕವಾಗಿರುವುದು ಮೂಲಕ್ಕೆ ವಿರುದ್ಧವೆಂದು ನಿರ್ಣಯಿಸಿ, ಬಿಡಲಾಗದ ಅಂಶಗಳನ್ನು ಬೇರ್ಪಡಿಸಿ ಕಡ್ಡಾಯ ನಿಯಮಗಳನ್ನು ರಚಿಸುವುದಕ್ಕೆ ಸರ್ಕಾರಕ್ಕೆ ಮೂರು ತಿಂಗಳ ಅವಧಿಯನ್ನು ಕೊಟ್ಟಿತು. ಅಂಗವಾಕ್ಯವು ಪ್ರಧಾನವನ್ನು ಬಾಧಿಸಬಾರದೆಂಬ ಹಳೆಯ ನ್ಯಾಯವು ಹೊಸ ವೇಷದಲ್ಲಿ ಇಲ್ಲಿ ಕಾಣಿಸುತ್ತದೆ.

೫. ಯಥಾಶಕ್ತಿನ್ಯಾಯ

ಇಲ್ಲಿ ಒಂದು ಆಕ್ಷೇಪವು ಸಂಭವಿಸುವುದು. ೧೪೩೨ರಲ್ಲಿ ಪ್ರತಿಷ್ಠಿತವಾದ ಕಾರ್ಕಳದ ಗೊಮ್ಮಟನು ಬಂಡೆಯ ಬೆಟ್ಟದ ಮೇಲಿರುವನು. ೧೯೦೧ರ ಕಾಪುವಿನ ದೀಪಸ್ತಂಭವು ಕಡಲ ಬಂಡೆಯ ಮೇಲೆ ನಿಂತಿದೆ. ಒಂದಕ್ಕೆ ಹನ್ನೆರಡರ ಇಳಿಜಾರನ್ನು ಅಲ್ಲಿ ಕಡಿದರೆ ಸ್ಥಳದ ಸ್ವರೂಪವೇ ಕೆಡುವುದು. ಆದ್ದರಿಂದ ವಿಧಿಯು ಅಲ್ಲಿ ಪ್ರವರ್ತಿಸುವುದಿಲ್ಲವೆಂದು ಹೇಳಬಹುದೇ?

ಮೀಮಾಂಸಕರ ಉತ್ತರವು ಸಿದ್ಧವಾಗಿದೆ. ಕಾಮ್ಯಕರ್ಮಕ್ಕೆ ಸರ್ವಾಂಗಗಳೂ ಬೇಕು. ಒಂದು ಅಂಗವನ್ನು ನಡೆಸಲು ಶಕ್ತಿಯಿಲ್ಲದವನು ಆ ಕರ್ಮಕ್ಕೆ ಕೈಹಾಕಬೇಕಾಗಿಲ್ಲ. ನಿತ್ಯಕರ್ಮವಾದರೋ ಬಿಡತಕ್ಕದ್ದಲ್ಲ, ಸಾಧ್ಯವಾದಷ್ಟು ಅಂಗಗಳೊಡನೆ ಯಥಾಶಕ್ತಿ ನಡೆಸಬೇಕು. ಸುಗಮತೆಯು ಕಾಮ್ಯವೆಂದು ತಿಳಿದವನು ಬೆಟ್ಟವನ್ನು ತೋರಿಸಿ ಕೈತೊಳೆದುಕೊಳ್ಳುವನು. ನಿತ್ಯವೆಂದು ತಿಳಿದವನು ಮೆಟ್ಟಿಲಿಗೆ ಹಿಡಿಕಂಬಿಯನ್ನೂ, ನಡುನಡುವೆ ಆಸನವನ್ನೂ, ಬುಡದಲ್ಲಿ ಯೋಗ್ಯವಾದ ಶೌಚಾಲಯವನ್ನೂ, ಕಣ್ಣಿಲ್ಲದವರು ಮುಟ್ಟಿ ತಿಳಿಯುವ ಪ್ರತಿಕೃತಿಯನ್ನೂ ಏರ್ಪಡಿಸುವನು. ಮೇಲಕ್ಕೆ ಏರಲಾರದವನಿಗೂ ಆಗ ಆ ಸ್ಥಳದಲ್ಲಿ ಪಾಲಿರುವುದು.

ಸಮತಲದಲ್ಲಿ ಹೊಸದಾಗಿ ಕಟ್ಟುವ ಕಛೇರಿಗೂ ಪಾಠಶಾಲೆಗೂ ಈ ವಿನಾಯಿತಿಯು ಸಲ್ಲದು. ನಿಯಮಕ್ಕೆ ಒಪ್ಪದ ನಕ್ಷೆಗೆ ಅನುಮತಿಯನ್ನು ಕೊಡಕೂಡದೆಂದು ಅಧಿನಿಯಮದಲ್ಲಿ ನಿಷೇಧವಾಕ್ಯವಿರುವುದರಿಂದ, ಅಲ್ಲಿ ಶಕ್ತಿಯಿಲ್ಲವೆಂಬ ಮಾತಿಗೆ ಅವಕಾಶವೇ ಇಲ್ಲ. ಕನ್ನಡದಲ್ಲಿ ಇಂಥ ನಿಯಮಗಳನ್ನು ಬರೆಯುವವರೂ ಭಾಷಾಂತರಿಸುವವರೂ ‘ತಕ್ಕದ್ದು’ ಎಂಬಲ್ಲಿ ‘ಬಹುದು’ ಎಂದು ಒಂದೇ ಪದವನ್ನು ಸಡಿಲಿಸಿದರೆ ಸಾಕು, ಒಬ್ಬ ಮನುಷ್ಯನು ಮೆಟ್ಟಿಲ ಕೆಳಗೆಯೇ ಉಳಿಯುವನು. ಭಾಷೆಯನ್ನು ಬಲ್ಲವರು ಈ ಶಾಸನಗಳನ್ನು ಓದಬೇಕಾದ ಅಗತ್ಯವು ಇಷ್ಟರಿಂದ ಸಿದ್ಧವಾಗುತ್ತದೆ.